ಬೆಂಬಲ ಬೆಲೆ ಬರೋ ಹೊತ್ತಿಗೆ ಮಾಲು ಮಂಡಿ ಸೇರಿರುತ್ತೆ

ಪೇಟೆ ಮಂಕಾದಾಗ ಸರ್ಕಾರ ಹಣ ಬಿಡುತ್ತೆ. ರೈತನ ಕೈಗೆ ದುಡ್ಡು ಬಂದರೆ ಅಂಗಡಿ ನಡೆಯುತ್ತೆ, ಅಂಗಡಿ ನಡೆದರೆ ಕಾರ್ಖಾನೆ ತಿರುಗುತ್ತೆ ಎಂಬುದು ಲೆಕ್ಕ. 2020ರ ಕೊರೊನಾ ಕಾಲದಲ್ಲಿ ಕೇಂದ್ರ ಸಾರಿದ 20 ಲಕ್ಷ ಕೋಟಿ ರೂಪಾಯಿ ಪ್ಯಾಕೇಜಿನ ಹಿಂದೆ ಇದ್ದದ್ದೂ ಇದೇ, ಬೆಂಬಲ ಬೆಲೆಯ ಹಿಂದೆ ಇರುವುದೂ ಇದೇ. ಲೆಕ್ಕ ತಪ್ಪಲ್ಲ. ಹಾಸನ ಜಿಲ್ಲೆಯಲ್ಲಿ ಅದು ಎಡವುವುದು ದುಡ್ಡು ಬರುವ ಹೊತ್ತಿನಲ್ಲಿ.

ಚನ್ನರಾಯಪಟ್ಟಣದ ಕೊಬ್ಬರಿಯನ್ನೇ ನೋಡಿ. ಕಾಯಿ ಅಟ್ಟದ ಮೇಲೆ ಹೆಚ್ಚು ಕಡಿಮೆ ವರ್ಷ ಕೂತರೇನೇ ಉಂಡೆ ಕೊಬ್ಬರಿ. 2023ರಲ್ಲಿ ಕ್ವಿಂಟಾಲಿಗೆ ಬೆಂಬಲ ಬೆಲೆ 11,750 ರೂ. ಇತ್ತು, ಪೇಟೆ ದರ ಹತ್ತು ಸಾವಿರದ ಕೆಳಗೆ ಬಿತ್ತು. 2024ಕ್ಕೆ ಕೇಂದ್ರ 12,000 ಎಂದಿತು, ರಾಜ್ಯ 1,500 ಸೇರಿಸಿತು. ಆದರೆ ಫೆಬ್ರವರಿಯಲ್ಲಿ ನೋಂದಣಿ ಶುರುವಾದ ಕೆಲವೇ ದಿನಕ್ಕೆ ಕೋಟಾ ಮುಗಿಯಿತು. ಅಕ್ರಮದ ದೂರೆದ್ದು ಮತ್ತೆ ನೋಂದಣಿ ಮಾಡಬೇಕಾಯ್ತು. ಮಗಳ ಮದುವೆ, ಸೊಸೈಟಿ ಕಂತು ಎದುರಿಗಿಟ್ಟುಕೊಂಡವನು ಅಲ್ಲಿವರೆಗೆ ಕಾಯ್ತಾನೆಯೇ? ಸಿಕ್ಕ ದರಕ್ಕೆ ಮಂಡಿಗೆ ಹಾಕಿದ. 2025ರಲ್ಲಿ ಪೇಟೆಯೇ 20,000 ದಾಟಿತು. 12,100ರ ಬೆಂಬಲ ಬೆಲೆ ಯಾರಿಗೂ ಬೇಡವಾಯ್ತು.

ಮೆಕ್ಕೆಜೋಳದ ಕಥೆಯೂ ಇಷ್ಟೇ. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2,400. ರಾಜ್ಯದ ಪೇಟೆಗಳಲ್ಲಿ 2,000 ಸಿಗುವುದೂ ಕಷ್ಟವಾಗಿತ್ತು. ರೈತರು ಬೀದಿಗಿಳಿದ ಮೇಲೆ ಖರೀದಿಗೆ ಆದೇಶ ಬಂತು. ಹೊಳೆನರಸೀಪುರದ ಕಡೆಯ ಸಣ್ಣ ಹಿಡುವಳಿದಾರನಿಗೆ ಜೋಳ ಒಣಗಿಸೋಕೆ ಕಣವಿಲ್ಲ, ತುಂಬಿಡೋಕೆ ಜಾಗವಿಲ್ಲ. ಅಂಥವನಿಗೆ ತಡವಾದ ಆದೇಶ ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ.

ಇದಕ್ಕೆ ಹೋಲಿಸಿದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಒಂದು ಪಾಠ. ಅಲ್ಲಿ ತಂಬಾಕು ಮಂಡಳಿ ಬೆಂಬಲ ಬೆಲೆ ಕೊಡಲ್ಲ. ದರಕ್ಕಾಗಿ ಗಲಾಟೆಯೂ ತಪ್ಪಿಲ್ಲ. ಆದರೂ ಸೊಪ್ಪು ಹದವಾಗೋ ಕಾಲಕ್ಕೆ ಹರಾಜು ಕಟ್ಟೆ ತೆರೆಯುತ್ತೆ, ದುಡ್ಡು ಬ್ಯಾಂಕಿಗೆ ಬೀಳುತ್ತೆ.

ಸುಗ್ಗಿಯಲ್ಲಿ ಬಂದ ದುಡ್ಡು ಹಾಸನದ ಬಟ್ಟೆ ಅಂಗಡಿಗೆ, ಗೊಬ್ಬರದ ಅಂಗಡಿಗೆ ಹೋಗುತ್ತೆ, ಪೇಟೆ ಚೇತರಿಸುತ್ತೆ. ಸುಗ್ಗಿ ಕಳೆದು ಬಂದ ದುಡ್ಡು ಬಡ್ಡಿಗೆ ಹೋಗುತ್ತೆ. ಹಣ ಅದೇ, ಫಲ ಬೇರೆ.

ಕೊಯ್ಲಿಗೆ ಮುಂಚೆ ಖರೀದಿ ಕೇಂದ್ರ ತೆರೆಯಲಿ. ಅದು ಆಗದಿದ್ದರೆ ಉಗ್ರಾಣದಲ್ಲಿಟ್ಟ ಮಾಲಿನ ಮೇಲೆ ಅಂದೇ ಸಾಲ ಸಿಗಲಿ. ಬೆಲೆಗೆ ಇನ್ನೂರು ಮುನ್ನೂರು ರೂಪಾಯಿ ಸೇರಿಸಿ ಹಾರ ಹಾಕಿಸಿಕೊಳ್ಳುವುದು ಸುಲಭ. ಕಾಯಲಾರದ ರೈತನಿಗೆ ಬೇಕಿರುವುದು ಹೆಚ್ಚಿನ ಬೆಲೆಗಿಂತ ಮೊದಲು, ಹೊತ್ತಿಗೆ ಸರಿಯಾಗಿ ತೂಗುವ ತಕ್ಕಡಿ.