ನಾಲ್ಕು ವರ್ಷದ ದಾರಿ, ಏಳು ವರ್ಷದ ದಾರಿ

ಪಿಯುಸಿ ರಿಸಲ್ಟು ಬಂತೆಂದರೆ ನಮ್ಮ ಕೇರಿಗಳಲ್ಲಿ ಬಿಟ್ಟಿ ಬುದ್ಧಿ ಹೇಳುವವರಿಗೆ ಬರವಿಲ್ಲ. 'ಯವ್ವಾ, ನಿಮ್ಮ ಹುಡುಗಿ ಆರ್ಟ್ಸ್ ಮಾಡ್ಯಾಳಲ್ಲ, ಎಎನ್‌ಎಂಗೆ ಹಾಕ್ರಿ, ಸಾಕು. ಬಿಎಸ್ಸಿ ನರ್ಸಿಂಗು ನಮ್ಮಂಥವರಿಗಲ್ಲ' ಅಂತಾರೆ. ಈ 'ನಮ್ಮಂಥವರಿಗಲ್ಲ' ಅನ್ನುವ ಮಾತು ಎಷ್ಟು ಹಳೆಯದು ಗೊತ್ತೇನು? ಅಕ್ಷರ ನಮ್ಮಂಥವರಿಗಲ್ಲ ಅಂದರು, ಕೆರೆ ನೀರು ನಮ್ಮಂಥವರಿಗಲ್ಲ ಅಂದರು. ಈಗ ಅದೇ ಮಾತು ನರ್ಸಿನ ಬಿಳಿ ಬಟ್ಟೆ ತೊಟ್ಟು ಬಂದಿದೆ.

ಮೊದಲು ಲೆಕ್ಕ ನೋಡೋಣ. ಎಎನ್‌ಎಂ 2 ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ, ಪಿಯುಸಿಯಲ್ಲಿ ಕಲೆ ಓದಿದ್ದರೂ ನಡೆಯುತ್ತದೆ. ಜಿಎನ್‌ಎಂ 3 ವರ್ಷ, ವಿಭಾಗ ಯಾವುದಾದರೂ ಸರಿ, ಇಂಗ್ಲಿಷ್ ಪಾಸಾಗಿರಬೇಕು, ಒಟ್ಟು ಶೇ. 40 ಅಂಕ ಬೇಕು. ಬಿಎಸ್ಸಿ ನರ್ಸಿಂಗ್ 4 ವರ್ಷ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಶೇ. 45 ಅಂಕ ತೆಗೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ಜಿಎನ್‌ಎಂ ಮುಗಿಸಿದವರು ಮತ್ತೆ 2 ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಪಡೆಯಬಹುದು.

ಎಎನ್‌ಎಂ ಮಾಡಿದವಳು ಜಿಎನ್‌ಎಂಗೆ ಹೋಗಬಹುದೆ? ಹೋಗಬಹುದು, ಬಾಗಿಲು ತೆರೆದಿದೆ ಅಂತಾರೆ. ಆದರೆ ಆಕೆ ಮತ್ತೆ ಮೊದಲನೇ ವರ್ಷದ ಬೆಂಚಿನಲ್ಲೇ ಕೂಡಬೇಕು. ಕಲಿತ 2 ವರ್ಷಕ್ಕೆ ಬೆಲೆಯಿಲ್ಲ. ಕೂಡಿಸಿ ನೋಡಿ: 2 ಮತ್ತು 3 ಮತ್ತು 2, ಒಟ್ಟು 7 ವರ್ಷ. ಸೈನ್ಸ್ ಓದಿದ ಪೇಟೆಯ ಹುಡುಗಿ 4 ವರ್ಷದಲ್ಲಿ ಮುಟ್ಟುವ ಜಾಗಕ್ಕೆ ನಮ್ಮ ಹುಡುಗಿ 7 ವರ್ಷ ನಡೆಯಬೇಕು. ನಡುವೆ ಮದುವೆ, ಸಾಲ, ಅಪ್ಪನ ಕಾಯಿಲೆ. ಎಷ್ಟು ಜನ ಕೊನೆ ಮುಟ್ಟುತ್ತಾರೆ? ಇದಕ್ಕೆ 'ಆಯ್ಕೆ' ಎಂದು ಹೆಸರಿಟ್ಟವರು ಯಾರು ಸ್ವಾಮಿ?

ಬೆಳಗಾವಿ ನಗರಕ್ಕೆ ಕಾಲೇಜಿನ ಬರವಿಲ್ಲ. ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು 1916ರಲ್ಲಿ, ಅದರ ನರ್ಸಿಂಗ್ ಕಾಲೇಜು 1987ರಲ್ಲಿ. ಸರ್ಕಾರದ ಬಿಮ್ಸ್ ಬಂದದ್ದು 2005ರಲ್ಲಿ. ಅಲ್ಲಿಂದ ಒಂದು ತಾಸಿನೊಳಗೆ ಖಾನಾಪುರ. ಆದರೆ ಖಾನಾಪುರ ದಾಟಿ ಕಾಡಿನ ಕಡೆ ಹೊರಳಿ ನೋಡಿ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳು. ಆಮಗಾಂವದ ಜನ ಮಳೆಗಾಲದಲ್ಲಿ ರೋಗಿಯನ್ನು ಕಟ್ಟಿಗೆಗೆ ಕಟ್ಟಿ ಹೊತ್ತು ತಂದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಆಂಬುಲೆನ್ಸು ಬಾರದ ಊರಿನ ಹುಡುಗಿ ಲ್ಯಾಬು ಇರುವ ಪಿಯು ಕಾಲೇಜಿಗೆ ದಿನಾ ಹೋಗಿಬರುವುದು ಹೇಗೆ? ಆಕೆ ಆರ್ಟ್ಸ್ 'ಆರಿಸಿಕೊಂಡಳು' ಅನ್ನುವುದು ಹಸಿದವನು ಉಪವಾಸ ಆರಿಸಿಕೊಂಡ ಅಂದಹಾಗೆ.

ಇನ್ನು ಭಾಷೆ. ಗಡಿ, ಗಡಿ ಎಂದು ಎರಡೂ ಕಡೆಯ ನಾಯಕರು ಎದೆ ಬಡಿದುಕೊಳ್ಳುತ್ತಾರೆ. ಮರಾಠಿ ಶಾಲೆಯಲ್ಲಿ ಓದಿದ ಹುಡುಗಿಗೂ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೂ ಇಂಗ್ಲಿಷಿನ ಅನಾಟಮಿ ಪುಸ್ತಕ ಒಂದೇ ಗೋಡೆ. ಆ ಗೋಡೆ ಒಡೆಯಲು ಯಾವ ನಾಯಕ ಬಂದ್ ಕರೆದಿದ್ದಾನೆ?

ಹೆರಿಗೆ ಮಾಡಿಸಿ, ರಕ್ತ ತೊಳೆದು, ಹೊಕ್ಕಳಬಳ್ಳಿ ಕೊಯ್ದವರು ನಮ್ಮ ಅವ್ವ, ಆಯಿಗಳು. ಅದು ಮೈಲಿಗೆಯ ಕೆಲಸವಾಗಿದ್ದಾಗ ನಮಗೆ ಬಿಟ್ಟರು. ಪದವಿ, ಪಗಾರ ಬಂದ ಮೇಲೆ ಅಂಕಪಟ್ಟಿ ತೋರಿಸು ಅಂದರು. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು, ಸಂತೋಷ. ಅಂಥ ಅವ್ವಂದಿರ ಮೊಮ್ಮಕ್ಕಳಿಗೆ ಸೀಟು ಕೊಡಿ ಅಂದರೆ ಯಾಕೆ ಮುಖ ತಿರುಗಿಸುತ್ತೀರಿ? ಸಾವಿತ್ರಿಬಾಯಿ ಫುಲೆ ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ 1897ರಲ್ಲಿ ತೀರಿಕೊಂಡರು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1928ರಲ್ಲಿ, ದುಡಿಯುವ ಬಾಣಂತಿಗೆ ಸಂಬಳ ಸಹಿತ ವಿಶ್ರಾಂತಿ ಬೇಕೆಂದು ಅಲ್ಲಿನ ಶಾಸನ ಪರಿಷತ್ತಿನಲ್ಲಿ ವಾದಿಸಿದವರು ಬಾಬಾಸಾಹೇಬರು. ಆರೈಕೆಯ ಪ್ರಶ್ನೆ ನಮ್ಮ ಚಳವಳಿಗೆ ಹೊಸದೇನಲ್ಲ.

ಎಎನ್‌ಎಂ ಸಿಸ್ಟರನ್ನು ಕೀಳು ಮಾಡಲು ಇದನ್ನು ಬರೆಯುತ್ತಿಲ್ಲ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಚುಚ್ಚುಮದ್ದಿನ ಡಬ್ಬಿ ಹೊತ್ತು ಆ ಲೆಕ್ಕವನ್ನು ಕಾಲಿನಿಂದ ಅಳೆದವಳು ಅವಳು. 2018ರ ನಂತರ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಬಂತು. ಅದು ನರ್ಸಿಂಗ್ ಪದವಿ ಇದ್ದವರ ಪಾಲಾಯಿತು, ಅದೂ ಗುತ್ತಿಗೆಯ ಮೇಲೆ. ಊರಿನ ಪ್ರತಿ ಬಸುರಿಯ ಹೆಸರು ಬಲ್ಲವಳು ಕೆಳಗೇ ಉಳಿದಳು, ಮೇಲೆ ಬಂದವಳಿಗೆ ನೌಕರಿ ಖಾಯಂ ಇಲ್ಲ. ಇಬ್ಬರನ್ನೂ ಜಗಳಕ್ಕೆ ಹಚ್ಚಿ ವ್ಯವಸ್ಥೆ ತಣ್ಣಗಿದೆ.

ಖಾಸಗಿ ಆಸ್ಪತ್ರೆಗಳ ಮಾತಿಗೆ ಬನ್ನಿ. 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ಸರ್ಕಾರಿ ಸಮಾನ ಸಂಬಳ, ಸಣ್ಣ ಆಸ್ಪತ್ರೆಗಳಲ್ಲೂ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು. ಶಿಫಾರಸು ಕಾಗದದಲ್ಲಿದೆ. ನಿಮ್ಮೂರಿನ ನರ್ಸಿಂಗ್ ಹೋಮಿನ ಹುಡುಗಿಗೆ ಎಷ್ಟು ಬರುತ್ತದೆ, ನೀವೇ ಕೇಳಿ ನೋಡಿ.

ಹಳ್ಳಿಯ ಮೇಷ್ಟ್ರುಗಳೇ, ಈಗ ನಿಮ್ಮ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಆಗಲೇ ಸೈನ್ಸಿನ ಮಾತು ಹೇಳಿ, ಪಿಯುಸಿ ಆದ ಮೇಲೆ ಹೇಳಿದರೆ ಹೊತ್ತು ಮೀರಿರುತ್ತದೆ. ಸೈನ್ಸ್ ಇದ್ದು ಶೇ. 40 ಬಂದಿದ್ದರೆ ಬಿಎಸ್ಸಿಗೆ ಅರ್ಜಿ ಹಾಕಿಸಿ. ಆರ್ಟ್ಸ್ ಓದಿದವಳು ನೇರ ಜಿಎನ್‌ಎಂಗೆ ಹೋದರೆ ಪದವಿಗೆ 5 ವರ್ಷ ಸಾಕು, 2 ವರ್ಷ ಉಳಿಯಿತು. ಬೇಗ ದುಡಿಯಲೇಬೇಕಾದ ಮನೆಯವಳು ಮಾತ್ರ ಎಎನ್‌ಎಂ ಹಿಡಿಯಲಿ, ತಲೆ ಎತ್ತಿಯೇ ಹಿಡಿಯಲಿ. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂಬ ಬೋರ್ಡು ಕಂಡರೆ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ ಎಂದು ಒಂದೇ ಮಾತು ಕೇಳಿ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮನೆಯ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಅರ್ಜಿ ತುಂಬಲು ಜೊತೆಗೆ ಕೂಡಿ.

ಸಂಘಟನೆಯ ಗೆಳೆಯರೇ, 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಮಾಡಿದೆ. ಕೇಳುವ ಕಾಲ ಇದು. ಎಎನ್‌ಎಂ ಓದಿದ ವರ್ಷಗಳನ್ನು ಜಿಎನ್‌ಎಂನಲ್ಲಿ ಲೆಕ್ಕಕ್ಕೆ ಹಿಡಿಯಿರಿ. ದುಡಿಯುವ ಸಿಸ್ಟರಿಗೆ ಸಂಬಳ ಸಹಿತ ಓದುವ ರಜೆ ಕೊಡಿ. ಕಾಡಂಚಿನ ಹುಡುಗಿಯರಿಗೆ ಸೈನ್ಸ್ ಪಿಯು ಮತ್ತು ಹಾಸ್ಟೆಲು ಕೊಡಿ. ಮೊದಲ ವರ್ಷ ಕನ್ನಡ, ಮರಾಠಿಯಲ್ಲೂ ಪಾಠ ವಿವರಿಸಿ. ಗುತ್ತಿಗೆ ತೆಗೆಯಿರಿ.

ಭಿಕ್ಷೆ ಬೇಡುತ್ತಿಲ್ಲ. ತಲೆತಲಾಂತರದಿಂದ ಈ ನಾಡಿನ ಕೂಸುಗಳನ್ನು ಕೈಯೊಡ್ಡಿ ಹಿಡಿದುಕೊಂಡವರ ಬಾಕಿ ಕೇಳುತ್ತಿದ್ದೇವೆ.