ನಿಮ್ಮದು ಕಾವ್ಯನಾಮ, ನಮ್ಮದು ಹೇಡಿತನಾನಾ?

ಹೋದ ತಿಂಗಳು ಬೆಂಗಳೂರಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಉಪ್ಪಿಟ್ಟು, ಕಾಫಿ ಎಲ್ಲಾ ಚೆನ್ನಾಗಿತ್ತು. ಭಾಷಣಕ್ಕೆ ಬಂದಿದ್ದ ಹಿರಿಯರೊಬ್ಬರು ಮಾತಿನ ಮಧ್ಯೆ, ಈಗಿನ ಹುಡುಗ ಹುಡುಗಿಯರು ಯಾವ್ಯಾವುದೋ ಹೆಸರಲ್ಲಿ ಕಥೆ ಬರೀತಾರೆ, ಸ್ವಂತ ಹೆಸರು ಹಾಕೋ ದಮ್ಮಿಲ್ಲದವರು ಬರೆಯೋದಾದ್ರೂ ಯಾಕೆ ಅಂದ್ರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ (ನನ್ನದು ಯಾವಾಗಲೂ ಹಾಗೇ, ಕೈ ಮೊದಲು, ತಲೆ ಆಮೇಲೆ). ವಾಪಸ್ ಬಸ್ಸಲ್ಲಿ ಬರ್ತಾ ಹೊಳೀತು... ಆ ಹಿರಿಯರನ್ನ ನಾವೆಲ್ಲಾ ಕರೆಯೋದೇ ಅವರ ಕಾವ್ಯನಾಮದಿಂದ! ಅಪ್ಪ ಅಮ್ಮ ಅವರಿಗೆ ಇಟ್ಟ ಹೆಸರು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತಿಂದ ಇದು ತಲೆಯಲ್ಲಿ ಕೊರೀತಾ ಇದೆ. ಬರೆದು ಮುಗಿಸಿಬಿಡ್ತೀನಿ.

ಕಾವ್ಯನಾಮ ಅಂದ್ರೆ ನಮಗೆ ಎಷ್ಟು ಹೆಮ್ಮೆ ಅಲ್ವಾ? ಸ್ಕೂಲಲ್ಲಿ ಹೊಂದಿಸಿ ಬರೆಯಿರಿ ಅಂತ ಎರಡು ಮಾರ್ಕಿಗೆ ಬರ್ತಿತ್ತು. ಮಾಸ್ತಿ: ಶ್ರೀನಿವಾಸ. ಬೇಂದ್ರೆ: ಅಂಬಿಕಾತನಯದತ್ತ. ಆದರೆ ಒಂದು ಸಲ ಯೋಚನೆ ಮಾಡಿ, ಇವರ್‍ಯಾರಾದ್ರೂ ಆ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡಿದ್ರಾ? ಕುವೆಂಪು ಅನ್ನೋದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರದೇ ಮೊದಲ ಅಕ್ಷರಗಳು. ಗೋಕಾಕರ ಕಾವ್ಯನಾಮ 'ವಿನಾಯಕ'. ಅವರ ನಿಜವಾದ ಹೆಸರೇ ವಿನಾಯಕ ಕೃಷ್ಣ! ಬೇಂದ್ರೆಯವರು ಅಪ್ಪನ ಬದಲು ಅಮ್ಮನ ಹೆಸರನ್ನ ಮುಂದಿಟ್ಟುಕೊಂಡ್ರು, ಅದು ನನಗೆ ತುಂಬಾ ಇಷ್ಟ. ಆದರೂ 'ನರಬಲಿ' ಕವನಕ್ಕೆ ಬ್ರಿಟಿಷ್ ಸರ್ಕಾರ 1930ರ ದಶಕದಲ್ಲಿ ಅವರನ್ನ ಜೈಲಿಗೆ ಹಾಕಿದಾಗ ಅಂಬಿಕಾತನಯದತ್ತ ಯಾರು ಅಂತ ಹುಡುಕೋ ಕಷ್ಟ ಪೊಲೀಸರಿಗೇನೂ ಬರಲಿಲ್ಲ. ಇವೆಲ್ಲಾ ಒಡವೆ ಥರದ ಹೆಸರುಗಳು. ಹಾಕ್ಕೊಂಡ್ರೆ ಚೆಂದ, ತೆಗೆದಿಟ್ರೆ ನಷ್ಟ ಇಲ್ಲ.

ನಿಜವಾಗ್ಲೂ ಬಚ್ಚಿಟ್ಟುಕೊಂಡವರು ಅಂದ್ರೆ ಮುದ್ದಣ. ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾವೇ ಬರೆದದ್ದನ್ನ ಹಳೇ ಕವಿಯೊಬ್ಬನ ಗ್ರಂಥ ಸಿಕ್ಕಿದೆ ಅಂತ ಹೇಳಿ ಅಚ್ಚಿಗೆ ಕಳಿಸಿದ್ರು. 1901ರಲ್ಲಿ, 31ನೇ ವಯಸ್ಸಿಗೆ ತೀರಿಕೊಂಡ್ರು. ಡ್ರಿಲ್ ಮೇಷ್ಟ್ರ ಕಾವ್ಯ ಅಂದ್ರೆ ಪಂಡಿತರು ಮೂಗು ಮುರೀತಾರೆ ಅನ್ನೋ ಅಂಜಿಕೆ ಇದ್ದಿರಬಹುದು ಅಂತ ನನ್ನ ಊಹೆ. ನೋಡಿ, ಅವರಿಗೆ ನಾವು ಯಾರೂ ಹೇಡಿ ಅನ್ನಲ್ಲ. ವಿನಯ ಅಂತೀವಿ, ಮುಗ್ಧತೆ ಅಂತೀವಿ. ಸತ್ತು ನೂರು ವರ್ಷ ಆದ್ರೆ ಅಂಜಿಕೆಗೂ ಮರ್ಯಾದೆ ಬರುತ್ತೆ ಅಂತ ಕಾಣುತ್ತೆ.

ಈಗ ನನ್ನ ಕಥೆ. ಎರಡು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಕಥೆ ಕಳಿಸಿದ್ದೆ. ಮದುವೆಯಾಗಿ ಒಂದೂವರೆ ವರ್ಷಕ್ಕೆ ತವರಿಗೆ ವಾಪಸ್ ಬಂದ ಹೆಂಗಸೊಬ್ಬಳ ಕಥೆ. ಅಚ್ಚಾಯ್ತು, ಸಾವಿರ ರೂಪಾಯಿ ಚೆಕ್ ಕೂಡ ಬಂತು. ಕೆಳಗೆ ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ನಮ್ಮ ಕಡೆ ಇನಿಷಿಯಲ್ ಅಂದ್ರೆ ಏನು ಅಂತ ನಿಮಗೆ ಗೊತ್ತೇ ಇದೆ. ಮೊದಲನೇ ಅಕ್ಷರ ಊರು, ಎರಡನೇದು ಅಪ್ಪ. ಊರು, ಅಪ್ಪ ಗೊತ್ತಾದ ಮೇಲೆ ಜಾತಿ, ಮನೆತನ, ಯಾರ ಮನೆ ಹಿಂದಿನ ಯಾರ ಮನೆ, ಎಲ್ಲಾ ಐದು ನಿಮಿಷದ ಕೆಲಸ. ಪತ್ರಿಕೆ ಊರು ಮುಟ್ಟಿದ ಮೂರನೇ ದಿನ ಅಪ್ಪನ ಫೋನು. "ನಿನ್ನ ಚಿಕ್ಕಮ್ಮನ ಕಥೆ ಬರೆದಿದೀಯಂತಲ್ಲ, ಅಂಗಡಿ ಮುಂದೆ ಓದ್ತಾ ಕೂತಿದ್ರು." ಚಿಕ್ಕಮ್ಮನ ಮಗಳಿಗೆ ಆಗ ಸಂಬಂಧ ನೋಡ್ತಾ ಇದ್ರು. ಒಂದು ಕಡೆಯವರು ಹಿಂದೆ ಸರಿದ್ರು. ಕಥೆಯಿಂದಾನೇ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಒಂದು ವರ್ಷ ಆ ಮನೆ ಹೊಸಿಲು ತುಳಿಯೋಕೆ ನನಗೆ ಮುಖ ಇರಲಿಲ್ಲ.

ಹಿರಿಯರು ಹೇಳಿದ ದಮ್ಮು ಇಲ್ಲಿ ಯಾರಿಗೆ ಬೇಕಿತ್ತು? ನನಗೇನೂ ಆಗಲಿಲ್ಲ, ಬೆಂಗಳೂರಲ್ಲಿ ಆರಾಮಾಗಿ ಕೋಡ್ ಬರ್‍ಕೊಂಡು ಇದ್ದೆ. ಧೈರ್ಯ ನನ್ನದು, ಅದರ ಬಿಲ್ ಕಟ್ಟಿದ್ದು ಚಿಕ್ಕಮ್ಮ. ಹೆಸರು ಹಾಕ್ಕೊಳ್ಳೋ ಶೌರ್ಯದ ಬಗ್ಗೆ ಭಾಷಣ ಮಾಡೋರು ಈ ಲೆಕ್ಕವನ್ನ ಯಾವಾಗಲೂ ಬಿಟ್ಟುಬಿಡ್ತಾರೆ.

ಬರಹಗಾರ ಯಾರು ಅಂತ ಗೊತ್ತಾಗದೆ ಬರಹ ಹೇಗೆ ಅರ್ಥ ಆಗುತ್ತೆ ಅಂತ ಕೇಳೋರಿದ್ದಾರೆ. ನಾನು ಇಂಜಿನಿಯರ್, ನನಗೆ ತಿಳಿದ ಹಾಗೆ ಹೇಳ್ತೀನಿ. ಒಂದು ಪ್ರೋಗ್ರಾಂನಲ್ಲಿ ವೇರಿಯಬಲ್‌ನ ಹೆಸರನ್ನ ಎಲ್ಲಾ ಕಡೆ ಬದಲಾಯಿಸಿದ್ರೆ ಔಟ್‌ಪುಟ್ ಬದಲಾಗಬಾರದು. ಬದಲಾಯ್ತು ಅಂದ್ರೆ ಎಲ್ಲೋ ಬಗ್ ಇದೆ. ಅದೇ ಕಥೆ, ಅದೇ ಸಾಲು, ಕೆಳಗಿನ ಹೆಸರು ಬದಲಾದ ಕೂಡಲೇ ನಿಮ್ಮ ಅಭಿಪ್ರಾಯ ಬದಲಾದ್ರೆ ಬಗ್ ಕಥೆಯಲ್ಲಿಲ್ಲ, ಓದೋರಲ್ಲಿದೆ. ಹೆಸರು ನೋಡಿ, ಓಹೋ ಇವರು ಆ ಪೈಕಿ, ಅಂತ ಪುಟ ತಿರುಗಿಸೋ ನಮ್ಮ ನಾಡಲ್ಲಂತೂ ಗುರುತು ಸಿಗದ ಹೆಸರು ಬೇಕೇ ಬೇಕು.

ಇನ್ನು ಜವಾಬ್ದಾರಿ ಪ್ರಶ್ನೆ. ಅಡ್ಡಹೆಸರಲ್ಲಿ ಬರೆದವರು ಕೈಗೆ ಸಿಗಲ್ಲ ಅಂತಾರೆ. ಪುಸ್ತಕಕ್ಕೆ ಪ್ರಕಾಶಕರು ಇರ್ತಾರೆ, ಪತ್ರಿಕೆಗೆ ಸಂಪಾದಕರು ಇರ್ತಾರೆ, ತಪ್ಪಾದ್ರೆ ಕೋರ್ಟ್ ಅವರನ್ನ ಕೇಳುತ್ತೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಅಡ್ಡಹೆಸರಿನ ಕೃತಿಗಳಿಗೇ ಅಂತ 23ನೇ ಸೆಕ್ಷನ್ ಇಟ್ಟಿದೆ. ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತೆ. ಲೇಖಕರು ಯಾರು ಅಂತ ಅಷ್ಟರೊಳಗೆ ಹೊರಗೆ ಬಂದ್ರೆ, ಅವರು ತೀರಿಕೊಂಡ ಮೇಲೆ 60 ವರ್ಷ. ಕಾನೂನಿಗೇ ಇಲ್ಲದ ಕಸಿವಿಸಿ ನಮಗ್ಯಾಕೆ?

ಹಾಗಂತ ಎಲ್ಲಾ ಮುಸುಕಿಗೂ ನಾನು ಜೈ ಅನ್ನಲ್ಲ. ಸ್ಪೇನಿನಲ್ಲಿ ಕಾರ್ಮೆನ್ ಮೋಲಾ ಅನ್ನೋ ಥ್ರಿಲ್ಲರ್ ಲೇಖಕಿ ಇದ್ರು. ಪ್ರೊಫೆಸರ್, ಮೂರು ಮಕ್ಕಳ ತಾಯಿ ಅಂತ ಪ್ರಚಾರ. 2021ರಲ್ಲಿ ಹತ್ತು ಲಕ್ಷ ಯೂರೋದ ಪ್ಲಾನೆಟಾ ಬಹುಮಾನ ಬಂದಾಗ ವೇದಿಕೆ ಹತ್ತಿದ್ದು ಮೂರು ಜನ ಗಂಡಸರು! ಇದು ಹೆಸರು ಮುಚ್ಚಿಡೋದಲ್ಲ, ಇಲ್ಲದ ಬದುಕೊಂದನ್ನ ಕಟ್ಟಿ ಮಾರೋದು. ಹಾಗೇ, ಬದುಕಿರೋ ವ್ಯಕ್ತಿಯೊಬ್ಬರನ್ನ ಹೆಸರು ಹಿಡಿದು ಬೈಯೋರು ತಮ್ಮ ಹೆಸರನ್ನೂ ಹಾಕಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ನಾನು ಹೇಳ್ತಿರೋದು ಕಥೆ, ಕವಿತೆ, ಕಾದಂಬರಿ ಬಗ್ಗೆ.

ಇಟಲಿಯ ಎಲೆನಾ ಫೆರಾಂಟೆ ಕೇಸ್ ನೆನಪಿದೆಯಾ? 1992ರಿಂದ ಕಾದಂಬರಿ ಬರೀತಿದ್ದಾರೆ, ಫೋಟೋ ಇಲ್ಲ, ಸನ್ಮಾನ ಇಲ್ಲ, ಶಾಲು ಹಾರ ಮೊದಲೇ ಇಲ್ಲ. ಪುಸ್ತಕ ಬರೆದಾಯ್ತು, ಇನ್ನು ಅದಕ್ಕೆ ನನ್ನ ಅಗತ್ಯ ಇಲ್ಲ ಅನ್ನೋ ಅರ್ಥದಲ್ಲಿ ಪ್ರಕಾಶಕರಿಗೆ ಮೊದಲೇ ಬರೆದಿದ್ರು. 2016ರಲ್ಲಿ ಪತ್ರಕರ್ತನೊಬ್ಬ ಹಣ ಸಂದಾಯದ ಲೆಕ್ಕ, ಮನೆ ಖರೀದಿಯ ದಾಖಲೆ ಎಲ್ಲಾ ಜಾಲಾಡಿ, ಇವರೇ ಆಕೆ ಅಂತ ಒಂದು ಹೆಸರು ಪ್ರಕಟಿಸಿದ. ಹವಾಲಾ ಮಾಡಿದವರನ್ನ ಹಿಡಿಯೋ ರೀತೀಲಿ ಕಾದಂಬರಿ ಬರೆದವರನ್ನ ಹಿಡಿದದ್ದು! ಇದರಿಂದ ಓದುಗರಿಗೆ ಒಂದು ಪುಟ ಹೆಚ್ಚಿಗೆ ಸಿಕ್ಕಿತಾ? ನಾನು ಆ ಹೆಸರನ್ನ ಇಲ್ಲಿ ಬರೆಯಲ್ಲ.

ನನ್ನ ಎರಡನೇ ಕಥೆ ಆರು ತಿಂಗಳಿಂದ ಲ್ಯಾಪ್‌ಟಾಪಲ್ಲಿ ಬಿದ್ದಿದೆ. ಇದು ಊರಿನದಲ್ಲ, ಆಫೀಸಿನದು. ನನ್ನ ಹೆಸರಲ್ಲಿ ಬಂದ್ರೆ ಓದೋರು ಕಥೆ ಬಿಟ್ಟು, ಆ ಮ್ಯಾನೇಜರ್ ಯಾರು, ಆ ಹುಡುಗಿ ಯಾವ ಟೀಮು ಅಂತ ಹುಡುಕೋಕೆ ಶುರು ಮಾಡ್ತಾರೆ.

ಹೋದ ವಾರ ಊರಿಗೆ ಹೋದಾಗ ಧೈರ್ಯ ಮಾಡಿ ಚಿಕ್ಕಮ್ಮನ ಮನೆಗೆ ಹೋದೆ. ಮಗಳ ಮದುವೆ ಆಗಿದೆ, ಕೋಪ ಇಳಿದಿದೆ. ಹಳೇ ಕಥೆ ಕತ್ತರಿಸಿ ದೇವರ ಮನೆ ಗೂಡಲ್ಲಿ ಇಟ್ಟುಕೊಂಡಿದ್ದಾಳೆ! ಇನ್ನು ಮೇಲೆ ಬೇರೆ ಹೆಸರಲ್ಲಿ ಬರೀತೀನಿ ಚಿಕ್ಕಮ್ಮಾ, ಯಾವುದಿಟ್ಟುಕೊಳ್ಳಲಿ ತೋಚ್ತಾ ಇಲ್ಲ ಅಂದೆ. ಹುರುಳಿಕಾಯಿ ನಾರು ತೆಗೀತಾ ಕೂತಿದ್ಲು.

"ಮದುವೆ ದಿನ ಅಕ್ಕಿ ಮೇಲೆ ಬರೆಸಿ ನನ್ನ ಹೆಸರು ಬದಲಾಯಿಸಿದ್ರಲ್ಲೇ. ಹಳೇದು ಹಾಗೇ ಬಿದ್ದಿದೆ, ಯಾರಿಗೂ ನೆನಪಿಲ್ಲ. ತಗೊಂಡು ಹೋಗು."

ಅದ್ಯಾವ ಹೆಸರು ಅಂತ ಕೇಳಬೇಡಿ.