ಆಡದ ಲಗೋರಿಯ ಹಳಹಳಿಕೆ

ಹೋದ ವರ್ಷ ನಮ್ಮ ಗದಗ ಸೀಮೆಯ ಒಂದು ಕಾಲೇಜಿನವರು ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ಬರಲು ಕರೆದಿದ್ದರು. ಪಿಎಚ್.ಡಿ. ಮಾಡುವವರಿಗೆ ಇಂಥ ಕರೆಗಳು ಬರುತ್ತವೆ. ಒಂದು ಶಾಲು, ಒಂದು ಊಟ, ಬಸ್ ಚಾರ್ಜು. ವಿಷಯ: ‘ಮರೆಯಾಗುತ್ತಿರುವ ನಮ್ಮ ಗ್ರಾಮೀಣ ಆಟಗಳು’. ನಲವತ್ತೊಂದು ಪ್ರಬಂಧ ಓದಿದೆ. ನಲವತ್ತೊಂದರಲ್ಲೂ ಅದೇ ಲಗೋರಿ, ಅದೇ ಚಿಣಿಫಣಿ, ಅದೇ ಬುಗುರಿ, ಅದೇ ಮಣ್ಣಿನ ವಾಸನೆ. ಎಲ್ಲರ ಕತೆಯಲ್ಲೂ ಖಳನಾಯಕ ಒಬ್ಬನೇ, ವಿಡಿಯೋ ಗೇಮ್. ಬರೆದವರೆಲ್ಲ ಹದಿನೆಂಟು-ಹತ್ತೊಂಬತ್ತರ ಮಕ್ಕಳು. ಒಬ್ಬನಂತೂ ‘ಚಿಣಿಯಿಂದ ಲಗೋರಿ ಕೆಡವುತ್ತಿದ್ದ ಆ ದಿನಗಳು’ ಎಂದು ಕಣ್ಣೀರು ಸುರಿಸಿದ್ದ. ಲಗೋರಿಯನ್ನು ಚೆಂಡಿನಿಂದ ಕೆಡವುತ್ತಾರೆ. ಚಿಣಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಕರೆದು ಕೇಳಿದೆ. ನಕ್ಕ. ‘ನಾ ಲಗೋರಿ ಆಡೇ ಇಲ್ರಿ ಸರ್. ಅಜ್ಜ ಹೇಳಿದ್ದು, ಒಂದಿಷ್ಟು ಗೈಡಿನ್ಯಾಗಿದ್ದು ಕೂಡಿಸಿ ಬರದೆ.’ ಮತ್ತೇನು ಆಡಿದೆ? ಮಾಮನ ಫೋನಿನಲ್ಲಿ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್. ಅದರ ಬಗ್ಗೆ ಹತ್ತು ನಿಮಿಷ ಎಷ್ಟು ಚೆಂದ ಮಾತಾಡಿದ ಎಂದರೆ ಬಸ್ಸು ತಪ್ಪಿತು. ಇದನ್ನೇ ಬರೆಯಬಹುದಿತ್ತಲ್ಲ ಎಂದೆ. ‘ಅದನ್ನ ಕನ್ನಡ ಪ್ರಬಂಧದಾಗ ಹೆಂಗ ಬರೀತಾರ್ರೀ?’ ಎಂದ.

ನನ್ನ ಜಗಳವೆಲ್ಲ ಈ ಪ್ರಶ್ನೆಯ ಜೊತೆಗೆ, ಅಥವಾ ಆ ಹುಡುಗನ ಬಾಯಲ್ಲಿ ಈ ಪ್ರಶ್ನೆ ಇಟ್ಟವರ ಜೊತೆಗೆ. ನಮ್ಮ ಲಲಿತ ಪ್ರಬಂಧಕ್ಕೆ ಒಂದೇ ಬಾಲ್ಯ ಗೊತ್ತು. ಅದು ಈಗ ಅರವತ್ತು ದಾಟಿದವರ ಬಾಲ್ಯ. ಅವರು ಆಡಿದ್ದರು, ಅವರಿಗೆ ನೆನಪಿದೆ, ಬರೆದರು, ಚೆನ್ನಾಗಿಯೇ ಬರೆದರು. ಆದರೆ ಆ ನೆನಪನ್ನೇ ಮುಂದಿನ ಮೂರು ತಲೆಮಾರಿನ ಪಠ್ಯಕ್ರಮ ಮಾಡಿಟ್ಟರೆ ಮಕ್ಕಳು ಕನ್ನಡದಲ್ಲಿ ಸುಳ್ಳು ಹೇಳುವುದನ್ನು ಕಲಿಯುತ್ತಾರೆ. ನಿಜ ಹೇಳಬೇಕಾದಾಗ ಇಂಗ್ಲಿಷಿಗೆ ಹೋಗುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ.

ನನ್ನ ನಿಜ ಹೇಳುತ್ತೇನೆ. ಹುಲಕೋಟಿಯಲ್ಲಿ ನನ್ನ ಬಾಲ್ಯದ ಆಟದ ಹೆಸರು ‘ಕ್ರಿಕೆಟ್ 07’. ಇಎ ಸ್ಪೋರ್ಟ್ಸ್ 2006ರ ನವೆಂಬರಿನಲ್ಲಿ ಹೊರತಂದದ್ದು. ನಮ್ಮೂರಿಗೆ ಬರಲು ಮೂರು ವರ್ಷ ಹಿಡಿಯಿತು. ಗೆಳೆಯನೊಬ್ಬನ ಮನೆಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ದಪ್ಪ ಬೆನ್ನಿನ ಮಾನಿಟರಿನ ಕಂಪ್ಯೂಟರ್ ಇತ್ತು. ಐದು ಜನ ತಲಾ ಹತ್ತು ರೂಪಾಯಿ ಹಾಕಿ ಹುಬ್ಬಳ್ಳಿಯಿಂದ ಒಂದು ಸಿ.ಡಿ. ತರಿಸಿದೆವು. ಅಸಲಿ ಸಿ.ಡಿ. ಅಲ್ಲ ಎಂದು ಬೇರೆ ಹೇಳಬೇಕಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರಿ ಸಂಘ ಕಟ್ಟಿದ ಸೀಮೆಯವರು ನಾವು, ಷೇರು ಹಾಕುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ವಿಡಿಯೋ ಗೇಮ್ ಮನುಷ್ಯನನ್ನು ಒಂಟಿ ಮಾಡುತ್ತದೆ ಎನ್ನುವವರು ಆ ಕೋಣೆಗೆ ಒಮ್ಮೆ ಬರಬೇಕಿತ್ತು. ಒಂದು ಕೀಬೋರ್ಡು, ಒಂಬತ್ತು ಹುಡುಗರು. ಬಯಲಿನ ನಿಯಮಗಳೇ ಒಳಗೂ ಬಂದವು. ಔಟಾದವ ಎದ್ದೇಳಬೇಕು. ‘ಏಳಲೇ, ಔಟಾತು’ ಎಂದರೆ ‘ಕೀ ಒತ್ತಿದ್ದೆ, ಹತ್ತಲಿಲ್ಲ’ ಎಂದು ಜಗಳ. ಚೀಲದ ಮೇಲೆ ಕೂತ ಸಣ್ಣವರು ಸ್ಕೋರು ಕೂಗುವವರು. ಸಿ.ಡಿ.ಯ ಒಳಗೆ ರಿಚೀ ಬೆನೋ ಮತ್ತು ಮಾರ್ಕ್ ನಿಕೊಲಸ್ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ನಮಗೆ ತಿಳಿಯದ್ದರಿಂದ ಧ್ವನಿ ಕಡಿಮೆ ಮಾಡಿ ನಮ್ಮಲ್ಲೊಬ್ಬ ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಿದ್ದ. ಅದರಲ್ಲಿ ಅರ್ಧ ಬೈಗುಳ. ಕರೆಂಟು ಹೋದಾಗ, ಅದು ಹೋಗುತ್ತಲೇ ಇತ್ತು, ಎಲ್ಲರೂ ಬ್ಯಾಟು ಹಿಡಿದು ಎರಿ ಹೊಲದ ಬದಿಯ ಬಯಲಿಗೆ ಓಡುತ್ತಿದ್ದೆವು. ಪರದೆಯ ಮೇಲೆ ಕಲಿತ ಹೊಡೆತವನ್ನು ಅಲ್ಲಿ ಹೊಡೆಯಲು ಹೋಗಿ ಬೌಲ್ಡ್ ಆಗುತ್ತಿದ್ದೆವು. ಕರೆಂಟು ಬಂದರೆ ಮತ್ತೆ ಒಳಗೆ. ಎರಡೂ ಒಂದೇ ಆಟ. ಅದನ್ನು ಎರಡು ಮಾಡಿ ಒಂದನ್ನು ಸಂಸ್ಕೃತಿ, ಇನ್ನೊಂದನ್ನು ವಿಕೃತಿ ಎಂದವರು ನಂತರ ಬಂದರು.

ಆ ಆಟದಲ್ಲಿ ಭಾರತದ ತಂಡಕ್ಕೆ ಪರವಾನಗಿ ಇರಲಿಲ್ಲ. ಹಾಗಾಗಿ ನಮ್ಮ ಆಟಗಾರರ ಹೆಸರುಗಳನ್ನೆಲ್ಲ ಅಕ್ಷರ ತಿರುಚಿ ಇಟ್ಟಿದ್ದರು. ಸಚಿನ್ ಸಚಿನ್ ಅಲ್ಲ, ದ್ರಾವಿಡ್ ದ್ರಾವಿಡ್ ಅಲ್ಲ. ತಯಾರಿಸಿದ ಎಚ್‌ಬಿ ಸ್ಟುಡಿಯೋಸ್ ಇದ್ದದ್ದು ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಆದರೆ ಹೆಸರು ತಿದ್ದುವ ಅವಕಾಶ ಇಟ್ಟಿದ್ದರು. ಇಂಗ್ಲಿಷ್ ಸ್ಪೆಲಿಂಗಿಗಾಗಿ ಪತ್ರಿಕೆಯ ಕ್ರೀಡಾಪುಟ ಹಿಡಿದು ಒಂದೊಂದೇ ಅಕ್ಷರ ಕುಟ್ಟಿ ಇಡೀ ತಂಡವನ್ನು ತಿದ್ದಿದೆವು. ಎರಡು ಮಧ್ಯಾಹ್ನ ಹಿಡಿಯಿತು. ಎಲ್ಲ ಮುಗಿದ ಮೇಲೆ ಒಬ್ಬ ಹೇಳಿದ, ‘ಜೋಶಿ ಎಲ್ಲದಾನಲೇ?’

ಗದಗಿನ ಸುನಿಲ್ ಜೋಶಿ. ಹುಡುಗನಾಗಿದ್ದಾಗ ನಸುಕಿನಲ್ಲೇ ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಮರಳಿ ಬಂದು ಶಾಲೆಗೆ ಹೋಗುತ್ತಿದ್ದವರು. ಆ ದಾರಿಯಲ್ಲೇ ಹುಲಕೋಟಿ ಇದೆ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2001ರ ನಂತರ ಭಾರತಕ್ಕೆ ಆಡದಿದ್ದವರು 2006ರ ಆಟದಲ್ಲಿ ಹೇಗಿರಬೇಕು? ನಾವು ಒಬ್ಬ ಎಡಗೈ ಸ್ಪಿನ್ನರನ ಹೆಸರು ಅಳಿಸಿ ಜೋಶಿಯನ್ನು ಸೇರಿಸಿದೆವು. ಮುಂದಿನ ಎರಡು ವರ್ಷ ಭಾರತದ ಪರ ಮೊದಲ ಓವರ್ ಹಾಕಿದ್ದು ಅವರೇ. ಇದು ದೇಸಿ ಅಲ್ಲದಿದ್ದರೆ ದೇಸಿ ಯಾವುದು ಎಂದು ನನಗೆ ಯಾರಾದರೂ ತಿಳಿಸಿಕೊಡಲಿ.

ಅದೆಲ್ಲ ಪರದೇಶಿ ಕಂಪನಿಯ ಸರಕು ಎನ್ನುತ್ತಾರೆ. ಹೌದು. ಹಾರ್ಮೋನಿಯಂ ಕೂಡ ಫ್ರಾನ್ಸಿನಿಂದ ಬಂದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಪಿಟೀಲು ನುಡಿಸಿದಾಗ ಅದು ಯುರೋಪಿನ ವಾದ್ಯ ಎಂದು ಯಾರೂ ಎದ್ದು ಹೋಗಲಿಲ್ಲ. ಕೈಗೆ ಬಂದದ್ದನ್ನು ನಮ್ಮದು ಮಾಡಿಕೊಳ್ಳುವುದು ಈ ನೆಲದ ಹಳೆಯ ಚಾಳಿ. ಇಎ ಸ್ಪೋರ್ಟ್ಸ್ ಆಮೇಲೆ ಕ್ರಿಕೆಟ್ಟನ್ನೇ ಕೈಬಿಟ್ಟಿತು. 2008ರಲ್ಲಿ ಐಪಿಎಲ್ ಬಂದಾಗ ಆ ತಂಡಗಳನ್ನು, ಅಂಗಿಗಳನ್ನು ಈ ಹಳೆಯ ಆಟದೊಳಗೆ ಹೊಲಿದು ಸೇರಿಸಿದವರು ಆಡುವವರೇ, ಪುಕ್ಕಟೆಯಾಗಿ. ಕೌದಿ ಹೊಲಿದ ಹಾಗೆ.

ಇನ್ನು ‘ಮೈದಾನ ಖಾಲಿಯಾದದ್ದು ಇದರಿಂದಲೇ’ ಎಂಬ ಮಾತು. ನಮ್ಮ ಬಯಲು ಖಾಲಿ ಮಾಡಿಸಿದ್ದು ಸಿ.ಡಿ. ಅಲ್ಲ. ಅದು ಯಾರದೋ ಹೊಲವಾಗಿತ್ತು. ಒಂದು ಬೇಸಿಗೆ ಕಲ್ಲು ನೆಟ್ಟು ಪ್ಲಾಟು ಮಾಡಿದರು, ಪಿಚ್ಚಿನ ನಡುವೆಯೇ ಒಂದು ಕಲ್ಲು ಬಂತು. ಅದೇ ವರ್ಷ ಎಲ್ಲರಿಗೂ ಟ್ಯೂಷನ್ ಶುರುವಾಯಿತು. ಲಗೋರಿಗಾಗಿ ಅಳುವ ಯಾವ ಪ್ರಬಂಧದಲ್ಲೂ ನಾನು ಪ್ಲಾಟಿನ ಕಲ್ಲನ್ನು ಕಂಡಿಲ್ಲ. ರಿಯಲ್ ಎಸ್ಟೇಟಿನವರನ್ನು ಬೈಯುವುದಕ್ಕಿಂತ ಹತ್ತು ವರ್ಷದ ಹುಡುಗನನ್ನು ಬೈಯುವುದು ಸುಲಭ.

ಹೀಗೆ ತಪ್ಪು ಗುರಿಗೆ ಕಲ್ಲು ಎಸೆಯುತ್ತಿರುವಾಗಲೇ ಹಿಂಬಾಗಿಲಿನಿಂದ ಬೇರೆಯೇ ಒಂದು ಬಂತು. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳು. ಅದನ್ನೂ ‘ಗೇಮ್’ ಎಂದೇ ಕರೆದೆವು. ಜೋಶಿಯ ಹೆಸರು ಕುಟ್ಟಿದ ಆಟಕ್ಕೂ, ರಾತ್ರಿ ಕೂತು ತಂಡ ಕಟ್ಟಿ ಸಂಬಳ ಕಳೆಯುವುದಕ್ಕೂ ನಮ್ಮಲ್ಲಿ ಒಂದೇ ಪದ, ಒಂದೇ ಬೈಗುಳ. ನನ್ನ ಜೊತೆ ಚೀಲದ ಮೇಲೆ ಕೂತು ಸ್ಕೋರು ಕೂಗುತ್ತಿದ್ದವನೊಬ್ಬ ಹೀಗೆ ಸಾಲ ಮಾಡಿಕೊಂಡ. ಅವನ ಅಪ್ಪ ಇವತ್ತಿಗೂ ‘ಆ ಕಂಪ್ಯೂಟರ್ ಕೋಣಿಯಿಂದಾನ ಹಾಳಾದ’ ಎನ್ನುತ್ತಾರೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಇಂಥವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ತಂದಿತು. ಆ ನಾಲ್ಕು ವರ್ಷ ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ನಾನು ಕೇಳಿದ್ದು ಚಿಣಿಫಣಿಯ ಬಗ್ಗೆಯೇ. ಆಟ ಮತ್ತು ಜೂಜು ಬೇರೆ ಎಂದು ಹೇಳಬೇಕಾದವರು ಪದ ಬಲ್ಲವರಲ್ಲವೇ? ಎರಡನ್ನೂ ಆಡಿ ನೋಡದವರಿಗೆ ವ್ಯತ್ಯಾಸ ಕಾಣಲಿಲ್ಲ.

ನನ್ನ ಕೋಣೆಯನ್ನು ಸ್ವರ್ಗ ಮಾಡುತ್ತಿಲ್ಲ. ಮಣ್ಣಿನ ಆಟದ ಪ್ರಬಂಧಗಳಲ್ಲಿ ಎಲ್ಲರೂ ಕೂಡಿ ಆಡುತ್ತಾರೆ. ಯಾವ ಓಣಿಗೆ ಚೆಂಡು ಹೋದರೆ ಯಾರು ತರಲು ಹೋಗುತ್ತಿರಲಿಲ್ಲ ಎಂಬುದು ಬರುವುದಿಲ್ಲ. ಅದೇ ಸುಳ್ಳನ್ನು ನಾನೂ ಹೇಳಬಾರದು. ಆ ಒಂಬತ್ತು ಜನರಲ್ಲಿ ಹುಡುಗಿಯರಿರಲಿಲ್ಲ. ನನ್ನ ಅಕ್ಕ ನನ್ನನ್ನು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಓವರ್ ಕೊಡ್ರೋ ಎಂದು ಒಮ್ಮೆ ಕೇಳಿದಳು, ನಾವು ನಕ್ಕೆವು, ಮತ್ತೆ ಕೇಳಲಿಲ್ಲ. ಆಟದ ಒಳಗೂ ಹೆಣ್ಣುಮಕ್ಕಳ ತಂಡ ಇರಲಿಲ್ಲ. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್, ಅವರೂ ಎಡಗೈ ಸ್ಪಿನ್ನರೇ, 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು 15 ರನ್ನಿಗೆ 5 ವಿಕೆಟ್ ಕಿತ್ತ ದಿನ ಅಕ್ಕ ಗಂಡನ ಮನೆಯಿಂದ ಫೋನ್ ಮಾಡಿದ್ದಳು. ಆ ಹಳೆಯ ಓವರಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನು ಬರೆಯುವುದಕ್ಕೂ ಮೊದಲು ಆ ಕೋಣೆಯ ಬಗ್ಗೆ ಬರೆಯಲೇಬೇಕಾಗುತ್ತದೆ. ನಮ್ಮ ಬಾಲ್ಯವೇ ಬರೆಯಲು ಯೋಗ್ಯವಲ್ಲ ಎಂದರೆ ಅದರ ತಪ್ಪುಗಳನ್ನು ಯಾವ ಪುಟದಲ್ಲಿ ಒಪ್ಪಿಕೊಳ್ಳುವುದು?

ಆ ಸ್ಪರ್ಧೆಯಲ್ಲಿ ಬಹುಮಾನ ಯಾರಿಗೆ ಕೊಟ್ಟೆ ಎಂದು ಕೇಳುವವರಿಗೆ: ಅತ್ಯಂತ ಅಚ್ಚುಕಟ್ಟಾದ ಲಗೋರಿಗೇ ಕೊಟ್ಟೆ. ಶಾಲು ಹೊದ್ದು ಬಂದೆ. ಹದಿನೈದು ದಿನದ ನಂತರ ಆ ಚಿಣಿಯ ಹುಡುಗ ವಾಟ್ಸ್ಆ್ಯಪಿನಲ್ಲಿ ಎರಡು ಪುಟ ಕಳಿಸಿದ. ಮಾಮನ ಫೋನು, ಕೊನೆಯ ಓವರ್, ಬೇಕಿದ್ದದ್ದು ನಾಲ್ಕು ರನ್, ಬ್ಯಾಟರಿ ಎರಡು ಪರ್ಸೆಂಟ್. ಲ್ಯಾಗ್ ಎಂದು ನಾವೆಲ್ಲ ಹೇಳುವ ಕಡೆ ಅವನು ‘ಅಷ್ಟೊತ್ತಿಗೆ ಫೋನು ತೇಕಾಕ ಹತ್ತಿತು’ ಎಂದು ಬರೆದಿದ್ದಾನೆ. ಕಾಗುಣಿತ ತಪ್ಪುಗಳು ಬಹಳ ಇದ್ದವು, ತಿದ್ದಿ ಕಳಿಸಿದೆ. ಆ ವಾಕ್ಯ ಮಾತ್ರ ಮುಟ್ಟಲಿಲ್ಲ.